ಅಕ್ಕನ ಗ್ಯಾಸ್ ಮಾತ್ರೆ

ಆಂಡರ್ಸನ್‌ಪೇಟೆಯಲ್ಲಿ ನನ್ನದೊಂದು ಮೆಡಿಕಲ್ ಶಾಪ್ ಇದೆ. ಇಪ್ಪತ್ತಕ್ಕೂ ಹೆಚ್ಚು ವರ್ಷದಿಂದ ಅದೇ ಕೌಂಟರಿನ ಹಿಂದೆ ನಿಂತಿದ್ದೇನೆ. ಇಂಥ ಊರುಗಳಲ್ಲಿ ಮೆಡಿಕಲ್ ಶಾಪಿನವನೆಂದರೆ ಜನರ ಲೆಕ್ಕದಲ್ಲಿ ಅರ್ಧ ಡಾಕ್ಟರು. ನಾನು ಮುಕ್ಕಾಲು ಅಂದುಕೊಂಡಿದ್ದೆ. ಮಂಡಿನೋವಾಗಲಿ, ಹಲ್ಲುನೋವಾಗಲಿ, ಜ್ವರವಾಗಲಿ, ಯಾವ ಚೀಟಿ ತಂದರೂ ಕೊನೆಗೆ ಗಿರಾಕಿಯದು ಒಂದೇ ಮಾತು. ಕನ್ನಡದವರು "ಗ್ಯಾಸ್ಗೂ ಒಂದ್ ಆಕಣ್ಣ" ಅನ್ನುತ್ತಾರೆ. ಚಾಂಪಿಯನ್ ರೀಫ್ಸ್ ಕಡೆಯ ತಮಿಳಿನವರು "ಗ್ಯಾಸುಕ್ಕು ಒಣ್ಣು ಪೋಡುಂಗಣ್ಣಾ" ಅನ್ನುತ್ತಾರೆ. ಗಡಿಯ ಹಳ್ಳಿಗಳ ತೆಲುಗಿನವರು "ಗ್ಯಾಸ್‌ಕಿ ಒಕಟಿ ವೆಯ್ಯಣ್ಣಾ" ಅನ್ನುತ್ತಾರೆ. ಯಾರಾದರೂ ಕೇಳಲು ಮರೆತರೆ ನಾನೇ ನೆನಪಿಸಿ ಒಂದು ಪಟ್ಟಿ ಕವರಿಗೆ ಹಾಕುತ್ತಿದ್ದೆ.

ಆ ಮಾತ್ರೆ ಮಾಡುವುದಿಷ್ಟು: ಹೊಟ್ಟೆಯಲ್ಲಿ ಹುಟ್ಟುವ ಆಮ್ಲವನ್ನು ತಗ್ಗಿಸುತ್ತದೆ. ಹೊಟ್ಟೆಯಲ್ಲಿ ಹುಣ್ಣಾದವರಿಗೆ ಅದು ದೇವರಿದ್ದಂತೆ. ಉಳಿದವರು ಅದನ್ನು ಬೆಳಗಿನ ಕಾಫಿಯ ಹಾಗೆ ಅಭ್ಯಾಸ ಮಾಡಿಕೊಂಡಿದ್ದಾರೆ. ವರ್ಷಗಟ್ಟಲೆ ತಿಂದು ಒಂದು ದಿನ ಬಿಟ್ಟರೆ, ಅದುವರೆಗೆ ಅದುಮಿಟ್ಟ ಆಮ್ಲ ಒಮ್ಮೆಲೇ ಏರಿ ಎದೆ ಉರಿಯುತ್ತದೆ. "ನೋಡಿದ್ಯಾ, ಬಿಟ್ರೆ ಆಗಲ್ಲ" ಎಂದು ಮತ್ತೆ ಬರುತ್ತಾರೆ. ನನಗೆ ಇದು ಗೊತ್ತಿರಲಿಲ್ಲ ಎಂದರೆ ಸುಳ್ಳಾಗುತ್ತದೆ. ಗೊತ್ತಿತ್ತು, ಯೋಚಿಸಿರಲಿಲ್ಲ.

ನನಗೆ ಒಬ್ಬಳೇ ಅಕ್ಕ. ನನಗಿಂತ ನಾಲ್ಕು ವರ್ಷ ದೊಡ್ಡವಳು. ಬಂಗಾರಪೇಟೆಯಿಂದ ಎರಡು ಮೂರು ಮೈಲಿ ದೂರದ ಹಳ್ಳಿಗೆ ಕೊಟ್ಟಿದೆ. ಮೂರು ಸೀಮೆಹಸು ಕಟ್ಟಿಕೊಂಡು ಎರಡು ಹೊತ್ತೂ ಡೈರಿಗೆ ಹಾಲು ಹಾಕುತ್ತಾಳೆ. ಬಾವ ಹೊಲ ನೋಡಿಕೊಳ್ಳುತ್ತಾರೆ, ಟೊಮೆಟೊ, ಬೀನ್ಸು, ಸ್ವಲ್ಪ ರಾಗಿ. ಹನ್ನೆರಡು ವರ್ಷದ ಹಿಂದೆ ನಮ್ಮ ಅಮ್ಮನ ತಿಥಿಯ ದಿನ, ಊಟವಾದ ಮೇಲೆ ಅಕ್ಕ ಗೋಡೆಗೊರಗಿ ಕೂತು ಎದೆ ಉರಿಯುತ್ತಿದೆ ಅಂದಳು. ನಾನು ಜೇಬಿನಿಂದ ಒಂದು ಪಟ್ಟಿ ಗ್ಯಾಸ್ ಮಾತ್ರೆ ತೆಗೆದು ಕೊಟ್ಟೆ, ದಿನಾ ಬೆಳಗ್ಗೆ ಬರಿಹೊಟ್ಟೆಯಲ್ಲಿ ತಗೋ ಅಂದೆ. ಅವತ್ತಿನಿಂದ ತಿಂಗಳಿಗೊಂದು ಭಾನುವಾರ ಮಾರಿಕುಪ್ಪಂ ಕಡೆಯಿಂದ ಬರುವ ರೈಲು ಹತ್ತಿ, ಬಂಗಾರಪೇಟೆಯಲ್ಲಿಳಿದು, ಶೇರ್ ಆಟೊ ಹಿಡಿದು ಅಕ್ಕನ ಮನೆಗೆ ಹೋಗಿ ಮೂರು ಪಟ್ಟಿ ಕೊಟ್ಟು ಬರುತ್ತಿದ್ದೆ. ಕಾಫಿ ಕುಡಿಯುತ್ತಿದ್ದೆ. ವಾಪಸ್ ರೈಲಿನ ಹೊತ್ತು ನೋಡಿಕೊಂಡು ಎದ್ದುಬಿಡುತ್ತಿದ್ದೆ. ಎದೆ ಉರಿ ಹೇಗಿದೆ ಎಂದು ಮತ್ತೆ ಕೇಳಿದ ನೆನಪಿಲ್ಲ. ಬಾಯಿಬಿಟ್ಟು ಹೇಳಿಕೊಳ್ಳುತ್ತಿರಲಿಲ್ಲ, ಆದರೆ ನಾನು ಒಳ್ಳೆಯ ತಮ್ಮ ಎಂಬ ಅಭಿಪ್ರಾಯ ನನಗಿತ್ತು.

ಕಳೆದ ಮಳೆಗಾಲದಲ್ಲಿ ಒಂದು ಬೆಳಗ್ಗೆ ಆರು ಗಂಟೆಗೆ ಅಕ್ಕನೇ ಫೋನ್ ಮಾಡಿದಳು. ನಾನು ಬಾಯಲ್ಲಿ ಬ್ರಷ್ ಇಟ್ಟುಕೊಂಡಿದ್ದೆ.

"ಒಟ್ಟೆ ಇಂಡ್ದಂಗೆ ನೋಯ್ತೈತೆ ಕಣೋ. ಎದ್ದಾಗಿಂದ್ಲೂ."

"ರಾತ್ರಿ ಏನ್ ತಿಂದೆ?"

"ಮುದ್ದೆ, ಉಳ್ಳಿಕಾಳ್ ಬಸ್ಸಾರು."

"ಇನ್ನೇನು ಮತ್ತೆ. ಗ್ಯಾಸು. ಇವತ್ತು ಒಂದಲ್ಲ, ಎರಡು ಮಾತ್ರೆ ನುಂಗು. ಒಂದ್ ಗಂಟೆ ಮಲ್ಕೊ, ಓಯ್ತದೆ."

ಅವಳು ಹೂಂ ಎಂದು ಫೋನಿಟ್ಟಳು. ಹಿಂದಿನ ರಾತ್ರಿ ಕರು ಹಾಕಲಿದ್ದ ಹಸುವನ್ನು ನೋಡಿಕೊಳ್ಳಲು ಕೊಟ್ಟಿಗೆಯ ಜಗಲಿಯಲ್ಲಿ ನೆಲದ ಮೇಲೆ ಮಲಗಿದ್ದಳಂತೆ. ನಾನು ಕೇಳಲಿಲ್ಲ, ಅವಳು ಹೇಳಲಿಲ್ಲ. ಏಳೂವರೆಗೆ ಬಾವನ ಫೋನ್ ಬಂತು.

"ಕಣ್ಣೇ ಬಿಡ್ತಿಲ್ಲ ಕಣಪ್ಪ ಇವ್ಳು. ರೆಪ್ಪೆ ಮ್ಯಾಲ್ಕೇ ಎತ್ತಕ್ಕಾಯ್ತಿಲ್ಲ. ಮಾತು ಮೂಗ್ನಾಗ್ ಬತ್ತೈತೆ."

ಇದು ಗ್ಯಾಸಲ್ಲ ಎಂದು ಗೊತ್ತಾಗಲು ಮುಕ್ಕಾಲು ಡಾಕ್ಟರೇನೂ ಆಗಬೇಕಿಲ್ಲ. ಪಕ್ಕದ ಮನೆಯವರ ಗೂಡ್ಸ್ ಆಟೊದಲ್ಲಿ ಬಂಗಾರಪೇಟೆಗೆ ಕರೆತನ್ನಿ ಎಂದು ಹೇಳಿ, ಅಲ್ಲಿನ ಒಂದು ಖಾಸಗಿ ಆಸ್ಪತ್ರೆಯ ಹೆಸರು ಕೊಟ್ಟು, ಬೈಕ್ ತೆಗೆದೆ. ನಾನು ಹೋಗುವಷ್ಟರಲ್ಲಿ ಅಕ್ಕನನ್ನು ಒಳಗೆ ಮಲಗಿಸಿದ್ದರು. ಅಲ್ಲಿ ತೀವ್ರ ನಿಗಾ ಘಟಕವೆಂದರೆ ನಾಲ್ಕು ಹಾಸಿಗೆಯ ಒಂದು ಕೋಣೆ. ಅದನ್ನು ನೋಡಿಕೊಳ್ಳುತ್ತಿದ್ದುದು ಮೂವತ್ತು ದಾಟಿರದ ಒಬ್ಬ ಡಾಕ್ಟರಮ್ಮ, ದಾವಣಗೆರೆ ಕಡೆಯವರು. ಅವರು ಅಕ್ಕನ ರೆಪ್ಪೆಗಳನ್ನು ಬೆರಳಿಂದ ಎತ್ತಿ ನೋಡಿ, ಬಾವನನ್ನು ಕೇಳಿದರು.

"ರಾತ್ರಿ ನೆಲದ ಮೇಲೆ ಮಲಗಿದ್ರಾ? ಬೆಳಗ್ಗೆ ಹೊಟ್ಟೆನೋವು ಅಂದ್ರಾ?"

ಬಾವ ಎರಡಕ್ಕೂ ಹೌದೆಂದರು.

"ಕಟ್ಟುಹಾವು ಕಚ್ಚಿರಬೇಕು. ಕಚ್ಚಿದ್ದು ಗೊತ್ತೇ ಆಗಲ್ಲ, ಗಾಯವೂ ಕಾಣಲ್ಲ. ಬೆಳಗಿನ ಜಾವ ಹೊಟ್ಟೆನೋವಿಂದ ಶುರುವಾಗುತ್ತೆ. ನೋವು ಅಂದಾಗಲೇ ಯಾಕೆ ಕರ್ಕೊಂಡು ಬರಲಿಲ್ಲ?"

"ಇವ್ರು ಗ್ಯಾಸು ಅಂದ್ರು," ಅಂದರು ಬಾವ. ಬೆರಳು ಮಾಡಿ ತೋರಿಸಲಿಲ್ಲ, ತೋರಿಸುವ ಅಗತ್ಯವೂ ಇರಲಿಲ್ಲ. ಡಾಕ್ಟರಮ್ಮ ನನ್ನ ಕಡೆ ಒಮ್ಮೆ ನೋಡಿ ಹಾವಿನ ಇಂಜೆಕ್ಷನ್ನಿಗೆ ಹೇಳಲು ಹೋದರು.

ಮಧ್ಯಾಹ್ನದ ಹೊತ್ತಿಗೆ ಉಸಿರೆಳೆಯುವ ಶಕ್ತಿಯೂ ಹೋಗಿ, ಬಾಯಿಯಿಂದ ಶ್ವಾಸನಾಳಕ್ಕೆ ಕೊಳವೆ ಇಳಿಸಿ ವೆಂಟಿಲೇಟರ್ ಹಾಕಿದರು. ಮೂಗಿನಿಂದ ಹೊಟ್ಟೆಗೆ ಇನ್ನೊಂದು ಸಣ್ಣ ಕೊಳವೆ. ಈ ಹಾವಿನ ವಿಷ ನರಗಳನ್ನು ಕಟ್ಟಿಹಾಕುತ್ತದೆ, ಬಿಡಲು ಕೆಲವು ದಿನ ಬೇಕು, ಅಲ್ಲಿಯವರೆಗೆ ಯಂತ್ರ ಉಸಿರಾಡಿಸಬೇಕು ಎಂದರು. ಇನ್ನೊಂದು ಮಾತನ್ನೂ ಹೇಳಿದರು: "ಮಂಪರಿಗೆ ಸ್ವಲ್ಪ ಔಷಧಿ ಕೊಟ್ಟಿದ್ದೀವಿ. ಆದ್ರೂ ಅವರಿಗೆ ನಿಮ್ಮ ಮಾತು ಕೇಳಿಸ್ತಿರಬಹುದು. ಕಣ್ಣು ಬಿಡೋಕಾಗಲ್ಲ, ಕೈ ಎತ್ತೋಕಾಗಲ್ಲ ಅಷ್ಟೆ. ಹತ್ತಿರ ನಿಂತು ಕೆಟ್ಟ ಮಾತಾಡಬೇಡಿ."

ನಮ್ಮವರಲ್ಲಿ ಯಾರೂ ಅದನ್ನು ನಂಬಲಿಲ್ಲ. ನಾನೂ ನಂಬಲಿಲ್ಲ ಅನ್ನಿಸುತ್ತದೆ, ನಂಬಿದ್ದರೆ ಮುಂದೆ ಆಡಿದ ಮಾತುಗಳನ್ನು ಆಡುತ್ತಿರಲಿಲ್ಲ.

ಹಗಲಿನಲ್ಲಿ ಒಬ್ಬರು ಹಾಸಿಗೆಯ ಪಕ್ಕ ಕೂರಬಹುದಿತ್ತು. ಬಾವನಿಗೆ ಹಸು, ಹಾಲು, ನನಗೆ ಅಂಗಡಿ. ಹಾಗಾಗಿ ಕೂತದ್ದು ಬಾವನ ಅಕ್ಕ. ಅರವತ್ತರ ಹೆಂಗಸು, ಗಂಡ ತೀರಿಕೊಂಡ ಮೇಲೆ ತಮ್ಮನ ಮನೆಯ ಪಕ್ಕದಲ್ಲೇ ಇರುವವರು. ಅಕ್ಕನಿಗೂ ಅವರಿಗೂ ಇಪ್ಪತ್ತೈದು ವರ್ಷದಲ್ಲಿ ಎಷ್ಟು ಸಲ ಮಾತು ಬಿಟ್ಟಿತ್ತೋ, ಎಷ್ಟು ಸಲ ಸೇರಿತ್ತೋ. ಈಗ ಅವರು ಬೆಳಗ್ಗೆ ಎಂಟಕ್ಕೆ ಬಂದು ಸಂಜೆವರೆಗೆ ಅಲುಗಾಡದೆ ಕೂರುತ್ತಿದ್ದರು.

ಅಕ್ಕನ ಹಾಸಿಗೆಯ ತಲೆಯ ಭಾಗವನ್ನು ಎತ್ತರಿಸಿ ಇಟ್ಟಿದ್ದರು, ಅರ್ಧ ಕೂತ ಹಾಗೆ. ಹೊಟ್ಟೆಯಲ್ಲಿರುವುದು ಗಂಟಲಿಗೆ ಬಂದು ಶ್ವಾಸಕೋಶಕ್ಕೆ ಇಳಿಯಬಾರದೆಂದು ಹಾಗೆ ಮಾಡುತ್ತಾರೆ. ಕೊಳವೆ ಜಾರದಂತೆ ಬಿಳಿ ಪಟ್ಟಿಯೊಂದನ್ನು ಕೆನ್ನೆಯ ಮೇಲಿಂದ ತಲೆಯ ಹಿಂದಕ್ಕೆ ಸುತ್ತಿ ಕಟ್ಟಿದ್ದರು. ಕಣ್ಣು ಮುಚ್ಚಿತ್ತು. ನಮ್ಮ ಕಡೆ ಸತ್ತವರನ್ನು ಮಲಗಿಸುವುದಿಲ್ಲ. ಮನೆಯ ಮುಂದೆ ಗೋಡೆಗೊರಗಿಸಿ ಕೂರಿಸುತ್ತಾರೆ, ಬಾಯಿ ಬಿಡದಂತೆ ಗದ್ದದಿಂದ ನೆತ್ತಿಗೆ ಬಿಳಿ ಬಟ್ಟೆ ಕಟ್ಟುತ್ತಾರೆ, ಬಂದವರೆಲ್ಲ ಎದುರಿಗೆ ಕೂತು ಅಳುತ್ತಾರೆ. ಮೊದಲ ದಿನ ನೋಡಲು ಬಂದ ಊರಿನ ಹೆಂಗಸೊಬ್ಬಳು ಬಾಗಿಲಲ್ಲೇ ನಿಂತು, "ಎಣ ಕೂರ್ಸ್ದಂಗ್ ಕೂರ್ಸವ್ರಲ್ಲಪ್ಪ" ಅಂದಳು. ನಾನು ಅವಳನ್ನು ಗದರಿ ಕಳಿಸಿದೆ. ಆದರೆ ಆ ಮಾತು ಕೋಣೆಯಲ್ಲೇ ಉಳಿಯಿತು. ನನ್ನ ಕಣ್ಣಿಗೂ ಹಾಗೇ ಕಾಣತೊಡಗಿತು.

ಮೂರನೆಯ ದಿನ ಡಾಕ್ಟರಮ್ಮ ರೌಂಡ್ಸ್ ಮುಗಿಸಿ ನರ್ಸಿಗೆ ಔಷಧಿಗಳನ್ನು ಹೇಳುತ್ತಿದ್ದಾಗ ನಾನು ಪಕ್ಕದಲ್ಲೇ ನಿಂತಿದ್ದೆ. ಹೊಟ್ಟೆಯ ಕೊಳವೆಯಿಂದ ಗಂಜಿ, ಹಾಲು ಚೆನ್ನಾಗಿ ಇಳಿಯುತ್ತಿತ್ತು. ಅವರು ಆಮ್ಲ ತಗ್ಗಿಸುವ ಇಂಜೆಕ್ಷನ್ನನ್ನು ನಾಳೆಯಿಂದ ನಿಲ್ಲಿಸಿ ಅಂದರು. ನನಗೆ ತಡೆಯಲಾಗಲಿಲ್ಲ.

"ಮೇಡಂ, ಗ್ಯಾಸಿಂದು ನಿಲ್ಲಿಸ್ತಿದ್ದೀರಾ?"

"ಹೌದು. ಯಾಕೆ?"

"ನಮ್ಮಕ್ಕನಿಗೆ ಹನ್ನೆರಡು ವರ್ಷದಿಂದ ಗ್ಯಾಸ್ ಇದೆ. ದಿನಾ ತಗೊಳ್ತಾಳೆ. ನಿಲ್ಲಿಸಿದ್ರೆ ಹೊಟ್ಟೆಯಲ್ಲಿ ರಕ್ತ ಬರಲ್ವಾ?"

ಅವರು ತಾಳ್ಮೆಯಿಂದಲೇ ವಿವರಿಸಿದರು. ವೆಂಟಿಲೇಟರಿನಲ್ಲಿರುವವರ ಹೊಟ್ಟೆಯಲ್ಲಿ ಹುಣ್ಣಾಗಿ ರಕ್ತ ಬರುವ ಭಯವಿದೆ, ಅದಕ್ಕೇ ಮೊದಲಿನಿಂದ ಕೊಟ್ಟದ್ದು. ಆದರೆ ಹೊಟ್ಟೆಯ ಆಮ್ಲ ಬರೀ ಉರಿಸುವುದಲ್ಲ, ಅದೊಂದು ಕಾವಲು. ನುಂಗಿದ್ದರಲ್ಲಿರುವ ಕ್ರಿಮಿಗಳನ್ನು ಅದು ಕೊಲ್ಲುತ್ತದೆ. ಆಮ್ಲ ಇಲ್ಲದಿದ್ದರೆ ಅವು ಹೊಟ್ಟೆಯಲ್ಲಿ ಬೆಳೆಯುತ್ತವೆ, ಗಂಟಲಿಗೆ ಏರುತ್ತವೆ, ಕೊಳವೆಯ ಪಕ್ಕದಿಂದ ಜಿನುಗಿ ಶ್ವಾಸಕೋಶಕ್ಕಿಳಿದು ನ್ಯುಮೋನಿಯಾ ಆಗಬಹುದು. "ಇದರ ಬಗ್ಗೆ ಡಾಕ್ಟರುಗಳಲ್ಲೇ ಎರಡು ಮಾತಿದೆ ಸಾರ್. ಆಗೇ ಆಗುತ್ತೆ ಅಂತ ನಾನು ಹೇಳ್ತಿಲ್ಲ. ಒಂದು ಕಡೆ ರಕ್ತ, ಒಂದು ಕಡೆ ಶ್ವಾಸಕೋಶ. ಇವರಿಗೆ ಹಿಂದೆ ಯಾವತ್ತೂ ಹುಣ್ಣಾಗಿಲ್ಲ, ರಕ್ತ ತೆಳು ಮಾಡೋ ಮಾತ್ರೆ ಇಲ್ಲ, ಊಟ ಇಳೀತಿದೆ. ನನಗೆ ನಿಲ್ಲಿಸೋದೇ ಸರಿ ಅನ್ನಿಸುತ್ತೆ."

ಇದಕ್ಕಿಂತ ಸ್ಪಷ್ಟವಾಗಿ ಯಾರು ಹೇಳುತ್ತಾರೆ? ಆದರೆ ನನಗೆ ಅಂದು ಕೇಳಿಸಿದ್ದು ಬೇರೆ. ಮೂರು ದಿನದಿಂದ ನನ್ನನ್ನು ಒಂದೇ ಯೋಚನೆ ಕೊರೆಯುತ್ತಿತ್ತು: ಆ ಬೆಳಗಿನ ಹೊಟ್ಟೆನೋವು ಪೂರ್ತಿ ಹಾವಿನದೇ ಇರಲಾರದು, ಸ್ವಲ್ಪವಾದರೂ ಗ್ಯಾಸಿನದಿರಬೇಕು. ಅಕ್ಕನಿಗೆ ನಿಜಕ್ಕೂ ಗ್ಯಾಸ್ ಇದ್ದರೆ ನಾನು ಫೋನಿನಲ್ಲಿ ಹೇಳಿದ್ದು ಪೂರ್ತಿ ತಪ್ಪಾಗುವುದಿಲ್ಲ. ಈ ಹುಡುಗಿ ಇಂಜೆಕ್ಷನ್ ನಿಲ್ಲಿಸಿದರೆ, ಅಕ್ಕನಿಗೆ ಗ್ಯಾಸೇ ಇರಲಿಲ್ಲ ಎಂದು ಎಲ್ಲರೆದುರು ಹೇಳಿದಂತಾಗುತ್ತಿತ್ತು. ಇದನ್ನೆಲ್ಲ ಈಗ ಬಿಡಿಸಿ ಹೇಳಬಲ್ಲೆ. ಅವತ್ತು ನನಗೆ ತಿಳಿದದ್ದು ಸಿಟ್ಟು ಬಂತು ಎನ್ನುವುದಷ್ಟೇ.

"ನಾನು ನಿಮ್ಮ ವಯಸ್ಸಿನಷ್ಟು ವರ್ಷ ಔಷಧಿ ಮಾರಿದ್ದೀನಿ" ಅಂದೆ. ಲೆಕ್ಕ ಹಾಕಿದರೆ ಅದೂ ಸುಳ್ಳು. ಹೊರಗೆ ಬಂದು ಆಸ್ಪತ್ರೆಯ ಮಾಲೀಕರಿಗೆ ಫೋನ್ ಮಾಡಿದೆ. ಅವರು ನನಗೆ ಹಳೆಯ ಪರಿಚಯ. ಏನು ಮಾತಾಡಿಕೊಂಡರೋ, ಸಂಜೆ ನೋಡಿದರೆ ಇಂಜೆಕ್ಷನ್ ಮತ್ತೆ ಚೀಟಿಯಲ್ಲಿತ್ತು. ನಾನು ಗೆದ್ದವನ ಹಾಗೆ ಅಕ್ಕನ ಹತ್ತಿರ ಹೋಗಿ, "ಗ್ಯಾಸಿಂದು ಬಿಟ್ಟಿಲ್ಲ ಕಣಕ್ಕ, ನಾನಿದ್ದೀನಿ" ಅಂದೆ.

ಐದನೆಯ ದಿನ ಜ್ವರ ಬಂತು. ಕೊಳವೆಯಿಂದ ಹೀರಿ ತೆಗೆಯುವ ಕಫ ಅದುವರೆಗೆ ನೀರಿನಂತಿತ್ತು. ಈಗ ಹಳದಿ, ದಪ್ಪ. ಎಕ್ಸ್‌ರೇಯಲ್ಲಿ ಬಲಗಡೆಯ ಕೆಳಭಾಗ ಮೋಡ ಕವಿದಂತೆ ಕಂಡಿತು. ನ್ಯುಮೋನಿಯಾ. ಯಂತ್ರ ಕೊಡುವ ಆಮ್ಲಜನಕವನ್ನು ಹೆಚ್ಚಿಸಿದರು. ವಿಷ ಇಳಿಯುವ ಸೂಚನೆ ಆಗಲೇ ಕಂಡಿತ್ತು, ಕಾಲಿನ ಹೆಬ್ಬೆರಳು ಸ್ವಲ್ಪ ಆಡಿತ್ತು. ಹಾವಿನಿಂದ ಪಾರಾದವಳು ಇದರಲ್ಲಿ ಹೋಗಬಹುದು ಎಂದು ಬಾವನನ್ನೂ ನನ್ನನ್ನೂ ಹೊರಗಡೆ ನಿಲ್ಲಿಸಿ ಹೇಳಿದರು. ಬಾವ ಅಲ್ಲೇ ಮೆಟ್ಟಿಲ ಮೇಲೆ ಕೂತರು. ನನಗೆ ಕೂರುವುದಕ್ಕೂ ಆಗಲಿಲ್ಲ.

ಒಳಗೆ ಹೋದೆ. ಅಕ್ಕನ ಹಾಸಿಗೆ ಚಪ್ಪಟೆಯಾಗಿತ್ತು. ನರ್ಸ್ ಅದನ್ನು ನೋಡಿ ತಲೆ ಚಚ್ಚಿಕೊಂಡಳು. "ನಾನು ಬೆಳಗ್ಗೆ ಎತ್ತಿಟ್ಟು ಹೋಗಿದ್ದೆ ಸಾರ್. ಮೂರು ದಿನದಿಂದ ಹಿಂಗೇ ಆಗ್ತಿದೆ. ಹಾಸಿಗೆಯ ಗೇರೇ ಸಡಿಲ ಆಗಿದೆ ಅಂದ್ಕೊಂಡಿದ್ದೆ."

ಗೇರ್ ಸಡಿಲವಾಗಿರಲಿಲ್ಲ. ಹಾಸಿಗೆಯ ಕಾಲ ಬುಡದಲ್ಲಿ ತಿರುಗಿಸುವ ಹಿಡಿ ಇರುತ್ತದೆ. ನರ್ಸ್ ಆಚೆ ಹೋದ ಕೂಡಲೇ ಬಾವನ ಅಕ್ಕ ಅದನ್ನು ಮೆಲ್ಲಗೆ ತಿರುಗಿಸಿ ತಲೆ ತಗ್ಗಿಸುತ್ತಿದ್ದರು. ಕೇಳಿದಾಗ ಮುಚ್ಚಿಡಲಿಲ್ಲ.

ನಾನು ಬಾಯಿಗೆ ಬಂದಂತೆ ಕೂಗಾಡಿದೆ. ನಿನ್ನ ಮೂಢನಂಬಿಕೆಯಿಂದ ನಮ್ಮಕ್ಕನನ್ನು ಕೊಂದೆ ಅಂದೆ. ಹಳ್ಳಿ ಮುಂಡೇವು ಅಂದೆ. ಆ ಮಾತು ಬರೆಯುವಾಗ ಈಗಲೂ ನಾಚಿಕೆಯಾಗುತ್ತದೆ, ನಾನೂ ಅದೇ ಹಳ್ಳಿಗಳ ಮಗ. ಉಳಿದ ಮೂರು ಹಾಸಿಗೆಗಳ ಕಡೆಯವರು ತಿರುಗಿ ನೋಡುತ್ತಿದ್ದರು. ಬಾವನ ಅಕ್ಕ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಳ್ಳುತ್ತಾ ನಿಂತಿದ್ದರು. ನಾನು ಉಸಿರು ತೆಗೆದುಕೊಳ್ಳಲು ನಿಲ್ಲಿಸಿದಾಗ ಹೇಳಿದರು:

"ನನ್ ಗಂಡನ್ನ ಇಂಗೇ ಕೂರ್ಸಿದ್ರು ಅಪ್ಪ. ಇಂಗೇ ಬಿಳೀ ಬಟ್ಟೆ ಕಟ್ಟಿದ್ರು. ನಾನ್ ಎದ್ರಿಗೆ ಕೂತಿದ್ದೆ. ಬದ್ಕಿರೋಳ್ನ ಅಂಗ್ ಕೂರ್ಸಿದ್ರೆ ನಾನ್ ಎಂಗ್ ನೋಡ್ಕಂಡ್ ಕೂತ್ಕಳ್ಳಿ? ಮನಿಕ್ಕಂಡ್ರೆ ನಿದ್ದೆ ಮಾಡ್ದಂಗ್ ಕಾಣ್ತಾಳೆ."

ಅದು ನನ್ನ ಮನಸ್ಸಿಗೆ ಇಳಿಯಲಿಲ್ಲ. ಡಾಕ್ಟರಮ್ಮ ಬಂದ ಕೂಡಲೇ, ನೋಡಿ ಮೇಡಂ, ಕಾರಣ ಸಿಕ್ಕಿತು ಎಂದು ದೂರು ಹೇಳಿದೆ. ಅವರು ಮೊದಲು ಹಿಡಿ ತಿರುಗಿಸಿ ತಲೆ ಎತ್ತರಿಸಿದರು. ಬಾವನ ಅಕ್ಕನ ಹತ್ತಿರ ಹೋಗಿ, ಯಾಕೆ ಎತ್ತರ ಇರಬೇಕು ಎಂದು ಎರಡು ಮಾತಲ್ಲಿ ಹೇಳಿದರು. ಆಮೇಲೆ ನನ್ನನ್ನು ಬಾಗಿಲ ಹೊರಗೆ ಕರೆದರು.

"ತಲೆ ತಗ್ಗಿಸಿದ್ದು ತಪ್ಪು. ಅದರಿಂದಲೂ ಆಗಿರಬಹುದು. ಇಂಜೆಕ್ಷನ್ ಮುಂದುವರಿಸಿದ್ದರಿಂದಲೂ ಆಗಿರಬಹುದು. ಎರಡೂ ಇಲ್ಲದೆಯೂ ವೆಂಟಿಲೇಟರಿನಲ್ಲಿರೋರಿಗೆ ಇದು ಬರುತ್ತೆ. ಯಾವುದರಿಂದ ಅಂತ ನನಗೂ ಗೊತ್ತಿಲ್ಲ, ಯಾರಿಗೂ ಗೊತ್ತಾಗಲ್ಲ. ಆದ್ರೆ ಕಾರಣ ಹುಡುಕ್ತೀರಿ ಅಂದ್ರೆ ಆ ಅಮ್ಮನ್ನ ಒಬ್ಬರನ್ನೇ ನಿಲ್ಲಿಸಬೇಡಿ. ನೀವೂ ನಿಂತ್ಕೊಳ್ಳಿ. ನಾನೂ ನಿಂತ್ಕೊಳ್ತೀನಿ. ಬೇಡ ಅಂತ ಗೊತ್ತಿದ್ದೂ ಬರೆದೆ, ಸಹಿ ನಂದೇ."

ಅವರು ಸಿಟ್ಟಿನಿಂದ ಹೇಳಲಿಲ್ಲ. ಸಿಟ್ಟಿನಿಂದ ಹೇಳಿದ್ದರೆ ನಾನು ಜಗಳವಾಡಿ ತಪ್ಪಿಸಿಕೊಳ್ಳುತ್ತಿದ್ದೆ. ಆ ದಿನವೇ ಇಂಜೆಕ್ಷನ್ ನಿಂತಿತು, ಹೊಸ ಆ್ಯಂಟಿಬಯೋಟಿಕ್ ಶುರುವಾಯಿತು. ನಾನು ಹೊರಗಿನ ಬೆಂಚಿನಲ್ಲಿ ಕೂತೆ.

ಮುಂದಿನ ನಾಲ್ಕು ದಿನ ಹೇಳಿಕೊಳ್ಳುವಂಥದ್ದೇನೂ ಇಲ್ಲ. ಅಂಗಡಿಯನ್ನು ನನ್ನ ಹೆಂಡತಿ ತೆಗೆಯುತ್ತಿದ್ದಳು. ನಾನು ಬೆಳಗಿನ ರೈಲಿಗೆ ಬಂದು ಸಂಜೆಯ ರೈಲಿಗೆ ಹೋಗುತ್ತಿದ್ದೆ. ರೈಲಿನಲ್ಲಿ ಬೆಂಗಳೂರಿಗೆ ಕೆಲಸಕ್ಕೆ ಹೋಗುವವರು ಇಸ್ಪೀಟು ಆಡುತ್ತಾ, ಮೂರು ಭಾಷೆಯಲ್ಲಿ ಬೈದಾಡಿಕೊಳ್ಳುತ್ತಾ ಕೂತಿರುತ್ತಿದ್ದರು. ಕೆಲವರು ನನ್ನ ಗಿರಾಕಿಗಳೇ. ಒಬ್ಬ ನನ್ನನ್ನು ನೋಡಿ, ಅಣ್ಣಾ, ನಿಮ್ಮ ಮಾತ್ರೆ ಇಲ್ಲದೆ ನನಗೆ ದಿನವೇ ಆಗಲ್ಲ ಎಂದು ಜೇಬಿನಿಂದ ಪಟ್ಟಿ ತೆಗೆದು ತೋರಿಸಿದ. ಇಪ್ಪತ್ತೆಂಟು ವರ್ಷದ ಹುಡುಗ. ಯಾರು ಬರೆದುಕೊಟ್ಟರು ಎಂದು ಕೇಳಿದೆ. "ನೀವೇ ಅಲ್ವಾಣ್ಣಾ" ಅಂದ.

ಒಂಬತ್ತನೆಯ ದಿನ ಜ್ವರ ಇಳಿಯಿತು. ಅವತ್ತು ಬಾವನ ಅಕ್ಕನ ಪಕ್ಕ ಹೋಗಿ ನಿಂತೆ. ಹಾಸಿಗೆ ಎತ್ತರದಲ್ಲೇ ಇತ್ತು. ಅವರು ಅಕ್ಕನ ಕಡೆ ನೋಡಲಾಗದೆ ಕಿಟಕಿಯ ಕಡೆ ಮುಖ ಮಾಡಿ ಕೂತು, ಅಕ್ಕನ ಪಾದವನ್ನು ಮಾತ್ರ ಒತ್ತುತ್ತಿದ್ದರು. ಐದು ದಿನದಿಂದ ಹಾಗೇ ಕೂತಿದ್ದರಂತೆ.

"ತಪ್ಪು ನಂದೂ ಐತೆ ಅಕ್ಕಯ್ಯ," ಅಂದೆ. "ಅಂಗೆಲ್ಲ ಮಾತಾಡ್ಬಾರ್ದಾಗಿತ್ತು."

ಅವರು ತಿರುಗಲಿಲ್ಲ. "ಕಾಪಿ ಕುಡ್ದ್ಯಾ?" ಅಂದರು. ಇಲ್ಲ ಅಂದೆ. "ಓಗಿ ಕುಡಿ. ಬೆಳಗಿಂದ ಬರಿ ಒಟ್ಟೇಲಿದ್ದೀಯ."

ಹನ್ನೊಂದನೆಯ ದಿನ ಅಕ್ಕ ತಾನೇ ಉಸಿರಾಡಿದಳು, ಕೊಳವೆ ತೆಗೆದರು. ಇನ್ನೊಂದು ವಾರ ವಾರ್ಡಿನಲ್ಲಿದ್ದು ಮನೆಗೆ ಹೋದಳು. ಮಾತು ಮೊದಲು ಪಿಸುಪಿಸು ಇತ್ತು. ನಾಲ್ಕು ಹೆಜ್ಜೆ ನಡೆದರೆ ಏದುಸಿರು. ಡಾಕ್ಟರಮ್ಮ ಮನೆಗೆ ಕಳಿಸುವಾಗ ಕೊಟ್ಟ ಚೀಟಿಯನ್ನು ನಾನು ಎರಡು ಸಲ ಓದಿದೆ. ಗ್ಯಾಸಿನ ಮಾತ್ರೆ ಇರಲಿಲ್ಲ. ನನ್ನ ಕಣ್ಣು ಎಲ್ಲಿ ನಿಂತಿದೆ ಎಂದು ಅವರಿಗೆ ಗೊತ್ತಾಗಿರಬೇಕು. "ಕೆಲವು ದಿನ ಎದೆ ಉರಿದ್ರೂ ಉರೀಬಹುದು. ಅದು ಬಿಟ್ಟಿದ್ದಕ್ಕೆ, ಕಾಯಿಲೆಗಲ್ಲ. ಆಮೇಲೂ ನಿಲ್ಲದಿದ್ರೆ ನನ್ನ ಹತ್ತಿರ ಕರ್ಕೊಂಡು ಬನ್ನಿ," ಅಂದರು. ನೀವೇ ಕೊಡಬೇಡಿ ಎಂದು ಬಾಯಿಬಿಟ್ಟು ಹೇಳಲಿಲ್ಲ, ನಾನೇ ಅರ್ಥ ಮಾಡಿಕೊಂಡೆ.

ಮುಂದಿನ ಭಾನುವಾರ ಅಕ್ಕನ ಮನೆಗೆ ಹೋದೆ. ಹಸು ಕರು ಹಾಕಿತ್ತು, ಹೆಣ್ಣುಗರು. ಅಕ್ಕ ಮಂಚದ ಮೇಲೆ ದಿಂಬಿಗೆ ಒರಗಿ ಕೂತು, ಬಾವ ಹಾಲು ಕರೆಯುವುದನ್ನು ನೋಡುತ್ತಾ, ಕೆಚ್ಚಲು ಸರಿಯಾಗಿ ತೊಳೆದಿಲ್ಲ ಎಂದು ಅಲ್ಲಿಂದಲೇ ಗೊಣಗುತ್ತಿದ್ದಳು. ಬಾವ ಕ್ಯಾನು ಹಿಡಿದು ಡೈರಿಗೆ ಹೋದರು. ನಾವಿಬ್ಬರೇ ಉಳಿದೆವು. ಈ ಮಾತನ್ನು ಹೇಗೆ ಶುರುಮಾಡಬೇಕೆಂದು ರೈಲಿನುದ್ದಕ್ಕೂ ಯೋಚಿಸಿಕೊಂಡು ಬಂದಿದ್ದೆ. ಬಾಯಿಗೆ ಬಂದದ್ದು ಹೀಗೆ:

"ಅಕ್ಕ, ಒಳ್ಗಿದ್ದಾಗ ನಮ್ ಮಾತು ಕೇಳುಸ್ತಿತ್ತಾ ನಿಂಗೆ?"

"ಎಲ್ಲಾ ಕೇಳುಸ್ತಿತ್ತು," ಅಂದಳು. "ಎಣ ಕೂರ್ಸ್ದಂಗೆ ಅಂದ್ಲಲ್ಲ, ಅವ್ಳು ಯಾರಂತ ದನಿಯಾಗೇ ಗೊತ್ತಾಯ್ತು. ನನ್ ನಾದ್ನಿ ಮಂಚ ತಗ್ಗಿಸ್ವಾಗೆಲ್ಲ, ಮನಿಕ್ಕೊ ತಾಯಿ ಮನಿಕ್ಕೊ ಅಂತಿದ್ಲು. ಇಪ್ಪತ್ತೈದ್ ವರ್ಸ್ದಾಗೆ ಅವ್ಳು ನನ್ನ ತಾಯಿ ಅಂದಿದ್ದು ಅದೇ ಮೊದ್ಲು." ಸ್ವಲ್ಪ ನಕ್ಕಳು, ನಕ್ಕದ್ದಕ್ಕೆ ಕೆಮ್ಮು ಬಂತು. "ನೀನ್ ಆ ಡಾಕ್ಟ್ರಮ್ಮನ್ ಮ್ಯಾಲೆ ಎಗರಾಡಿದ್ದೂ ಕೇಳುಸ್ತು."

ಕೆಮ್ಮು ನಿಲ್ಲುವವರೆಗೆ ಕಾದೆ. ಆಮೇಲೆ ಎಲ್ಲ ಹೇಳಿಬಿಟ್ಟೆ. ಆ ಬೆಳಗ್ಗೆ ಗ್ಯಾಸು ಎಂದು ಹೇಳಿ ಒಂದೂವರೆ ಗಂಟೆ ಹಾಳು ಮಾಡಿದ್ದು, ಅದು ತಪ್ಪಲ್ಲ ಎಂದು ತೋರಿಸಿಕೊಳ್ಳಲು ಇಂಜೆಕ್ಷನ್ನಿಗೆ ಹಟ ಹಿಡಿದದ್ದು, ಆ ಇಂಜೆಕ್ಷನ್ನಿಂದಲೇ ಶ್ವಾಸಕೋಶ ಕೆಟ್ಟಿದ್ದರೂ ಕೆಟ್ಟಿರಬಹುದೆಂದು ಡಾಕ್ಟರು ಹೇಳಿದ್ದು. ಐವತ್ತು ದಾಟಿದ ಗಂಡಸು ಅಕ್ಕನ ಮಂಚದ ಮುಂದೆ ಸ್ಟೂಲಿನ ಮೇಲೆ ಕೂತು ಅತ್ತೆ. ಅವಳು ಬೈಯುತ್ತಾಳೆ ಅಂದುಕೊಂಡಿದ್ದೆ, ಬೈದಿದ್ದರೆ ಹಗುರವಾಗುತ್ತಿತ್ತು.

"ಇನ್ಮೇಲೆ ಆ ಮಾತ್ರೆ ಬ್ಯಾಡಕ್ಕ," ಅಂದೆ ಕಡೆಗೆ. "ಎದೆ ಉರಿ ಬಂದ್ರೆ ನಂಗೆ ಏಳು, ಡಾಕ್ಟ್ರ ಅತ್ರ ಕರ್ಕಂಡ್ ಓಯ್ತೀನಿ."

"ನಂಗೆ ಎಲ್ಲೈತೋ ಎದೆ ಉರಿ?" ಅಂದಳು ಅಕ್ಕ. "ಅಮ್ಮನ್ ತಿಥಿ ದಿನ ಉರ್ದಿತ್ತು. ಅಮ್ಮ ಓದ್ಲು ಅಂತ ಉರ್ದಿತ್ತೋ, ವಡೆ ತಿಂದು ಉರ್ದಿತ್ತೋ. ಆಮ್ಯಾಲೆ ಅಂಥದ್ದೇನೂ ಇಲ್ಲ."

ನನಗೆ ಅರ್ಥವಾಗಲಿಲ್ಲ. "ಮತ್ತೆ ಹನ್ನೆರಡ್ ವರ್ಸ ದಿನಾ ತಿಂದ್ಯಲ್ಲ?"

"ತಿಂದೆ."

"ಬ್ಯಾಡ ಅನ್ನಕ್ಕೇನಾಗಿತ್ತು?"

ಹೊರಗೆ ಕರು ಕೂಗಿತು, ಅಕ್ಕ ಆ ಕಡೆ ಒಮ್ಮೆ ನೋಡಿದಳು.

"ಅಮ್ಮ ಓದ್ಮ್ಯಾಲೆ ನೀನ್ ಈ ಮನೆ ಬಾಗ್ಲಿಗೆ ಬತ್ತಿದ್ದಿದ್ದು ಆ ಮಾತ್ರೆ ಕೊಡಕ್ಕೇ ಅಲ್ವೇನೋ. ಬ್ಯಾಡ ಅಂದಿದ್ರೆ ಬತ್ತಿದ್ದಾ?"